ಅಪ್ಪಾಜಿ ಆರಿಸಿದ ಬೀಗ

ಬಸವೇಶ್ವರನಗರ
೧೯ ನವೆಂಬರ್ ೨೦೨೫

ಮಗಳು ಅನಘಾಳಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ? ಹೆರಿಗೆಯಾದ ಮೇಲೆ ಹಿಡಿದಿದ್ದ ಸೊಂಟನೋವು ಇಳಿಯಿತೇ? ಮಗುವಿಗೆ ಹಲ್ಲು ಬರುವ ಕಾಲ, ರಚ್ಚೆ ಹಿಡಿದರೆ ಹೆದರಬೇಡ. ಕೆಂಗೇರಿ ಉಪನಗರದ ನಿನ್ನ ಮನೆಯೊಳಗೆ ಬಿಸಿಲೇ ಬೀಳುವುದಿಲ್ಲವಂತೆ. ನಮ್ಮವರಲ್ಲದವನನ್ನು ಕಟ್ಟಿಕೊಂಡು ಹೋದವಳು ಮನೆಯನ್ನಾದರೂ ನೋಡಿ ಆರಿಸಬಹುದಿತ್ತು. ಹೋಗಲಿ ಬಿಡು. ಫೋನ್ ನಂಬರ್ ಬದಲಿಸಿದವಳು ಹೊಸದನ್ನು ಅಪ್ಪಾಜಿಗೂ ಕೊಟ್ಟಿಲ್ಲ, ಅದಕ್ಕೇ ಈ ಪತ್ರ. ಅವರ ಫೋನನ್ನು ಚನ್ನವೀರೇಶ್ ತೆಗೆದು ನೋಡುತ್ತಾನೆಂದು ನಿನಗೆ ಭಯವಂತೆ. ಒಡಹುಟ್ಟಿದ ಅಣ್ಣನಿಗೆ ಹೆದರುವಂಥ ಕೆಲಸ ಮಾಡಿದ್ದು ಯಾರು? ಅವನಿಗೆ ಮದುವೆ ಗೊತ್ತಾಗಿದೆ. ಹುಡುಗಿಯ ಕಡೆಯವರಿಗೆ ನಮಗೆ ಒಬ್ಬನೇ ಮಗ, ಹೆಣ್ಣುಮಕ್ಕಳಿಲ್ಲ ಎಂದು ಹೇಳಿದ್ದೇವೆ.

ಮುಂಬಾಗಿಲಿನ ಹಳೆಯ ಬೀಗ ಸಡಿಲವಾಗಿತ್ತು. ಹಿಂದಿನ ಬೀದಿಯಲ್ಲಿ ಕಳ್ಳತನವಾದ ಮೇಲೆ ನಾವಿಬ್ಬರೂ ರಾಜಾಜಿನಗರದ ಅಂಗಡಿಗೆ ಹೋದೆವು. ನಾನು ದಪ್ಪ ಬೀಗದ ಕೈ ಇರುವ ಒಂದು ಗಟ್ಟಿ ಬೀಗವನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ನಿಮ್ಮಪ್ಪಾಜಿಯ ಕಣ್ಣೆಲ್ಲ ಬೆರಳಿಟ್ಟರೆ ತೆರೆಯುವ ಸ್ಮಾರ್ಟ್ ಲಾಕ್ ಮೇಲೆ. "ಕೀ ಹೊತ್ಕೊಂಡು ತಿರುಗೋದೇ ಬೇಡ ಕಮಲಾ. ಬೇಕಾದವ್ರಿಗೆ ಒಂದು ನಂಬರ್ ಹೇಳಿದ್ರೆ ಸಾಕು, ಒತ್ಕೊಂಡು ಒಳಗೆ ಬರ್ತಾರೆ" ಎಂದರು. "ಬ್ಯಾಟರಿ ಹೋದ್ರೆ ಬೀದೀಲಿ ನಿಲ್ತೀರಾ?" ಎಂದು ನಾನು ಗದರಿದೆ. ಅವರು ಡಬ್ಬಿಯ ಮೇಲಿನ ಬೆಲೆ ಓದುತ್ತಿದ್ದಾಗ ಅಂಗಡಿಯವನು ನನ್ನೊಬ್ಬಳಿಗೇ ಕೇಳುವಂತೆ, "ಯಾರು ಯಾವಾಗ ಬಾಗ್ಲು ತೆಗೆದ್ರು ಅಂತ ಎಲ್ಲಾ ನಿಮ್ಮ ಫೋನಿಗೇ ಬರುತ್ತೆ ಆಂಟಿ. ಕ್ಯಾಮೆರಾನೂ ಇದೆ" ಎಂದ. ನಾನು ಕೈಯಲ್ಲಿದ್ದ ಬೀಗವನ್ನು ಕೆಳಗಿಟ್ಟೆ. ನಾನು ಒಪ್ಪಿದ್ದು ನೋಡಿ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ದಾರಿಯಲ್ಲಿ ನಿಲ್ಲಿಸಿ ನನಗೆ ಮಲ್ಲಿಗೆ ಹೂವು ಕೊಡಿಸಿದರು.

ಸೋಮವಾರ ಮಧ್ಯಾಹ್ನ ನಾನು ಮಹಾಲಕ್ಷ್ಮಿ ಲೇಔಟಿನ ವಚನಗಾಯನದ ತರಗತಿಗೆ ಹೋಗುವುದು ನಿನಗೆ ಗೊತ್ತಲ್ಲ. ಹಾಡುತ್ತಿದ್ದಾಗ ಫೋನ್ ಗುಂಯ್‌ಗುಟ್ಟಿತು. ನೋಡಿದರೆ ಬಾಗಿಲ ಕ್ಯಾಮೆರಾದಲ್ಲಿ ನೀನು, ಕಂಕುಳಲ್ಲಿ ಮಗು. ನಿಮ್ಮಪ್ಪಾಜಿ ಪಂಚೆ ಎತ್ತಿಕೊಂಡು ಓಡಿ ಬಂದು, ನಿನ್ನನ್ನು ಮಾತನಾಡಿಸುವ ಮೊದಲೇ ಮಗುವನ್ನು ಎತ್ತಿಕೊಂಡರು. ಪಕ್ಕದಲ್ಲಿ ಬಸವರಾಜೇಶ್ವರಿ ಹಾಡುತ್ತಲೇ ಇದ್ದಳು, ನಾನು ನೋಡುತ್ತಲೇ, ಬಾಗಿಲಲ್ಲಿ ನೀವಾಡಿದ ಮಾತೆಲ್ಲ ಕೇಳುತ್ತಲೇ ಇದ್ದೆ. ಮನೆಗೆ ಬಂದು ನೋಡಿದ್ದನ್ನು ಅವರಿಗೆ ಹೇಳಲಿಲ್ಲ. ನೀನು ಬಂದುಹೋದ ಆಮೇಲಿನ ಸೋಮವಾರಗಳಲ್ಲೂ ಹೇಳಲಿಲ್ಲ. ಆ ಸಂಜೆಗಳಲ್ಲಿ ಅವರು ಏನೋ ಗುನುಗುತ್ತಾ ಒಂದು ರೊಟ್ಟಿ ಹೆಚ್ಚಿಗೆ ಕೇಳುತ್ತಿದ್ದರು. ನಾನು ಈ ಮನೆಗೆ ಬಂದ ಮೇಲೆ ಅವರು ಗುನುಗಿದ್ದನ್ನು ಕೇಳಿದ್ದು ಅದೇ ಮೊದಲು.

ದೀಪಾವಳಿ ಕಳೆದ ಮೇಲಿನ ಸೋಮವಾರ ಅವರನ್ನು ಚನ್ನವೀರೇಶನ ಜೊತೆ ಲಗ್ನಪತ್ರಿಕೆ ಹಂಚಲು ಕಳಿಸಿ, ಅವರು ನಿನಗೆ ಕೊಟ್ಟಿದ್ದ ಬೀಗದ ನಂಬರನ್ನು ನನ್ನ ಫೋನಿನಲ್ಲಿ ಅಳಿಸಿ, ತರಗತಿಗೆ ಹೋಗಿ ಕುಳಿತೆ. ನೀನು ಬಂದೆ. ಒತ್ತಿದೆ, ಕೆಂಪು ದೀಪ ಬಂತು. ದುಪಟ್ಟಾದಲ್ಲಿ ಬೆರಳು ಒರೆಸಿಕೊಂಡು ಮತ್ತೆ ಒತ್ತಿದೆ. "ಅಪ್ಪಾಜಿ, ನಾನು ಅನು. ನಂಬರ್ ತಗೋತಾ ಇಲ್ಲ, ಬಾಗ್ಲು ತೆಗೀರಿ" ಎಂದು ಕೂಗಿದೆ. ನಾನು ತರಗತಿಯಿಂದ ಹೊರಗೆದ್ದು ಬಂದು, ಬೀಗದ ಸ್ಪೀಕರಿನಲ್ಲಿ ನಿನಗೆ ಕೇಳುವಂತೆ ಫೋನಿನಿಂದಲೇ ಮಾತನಾಡಿದೆ: "ಅಪ್ಪಾಜಿ ಒಳಗೇ ಇದಾರೆ. ಅವ್ರೇ ಬದಲಾಯಿಸಿದ್ದು. ಹೊರಡು." "ಸುಳ್ಳು ಹೇಳ್ಬೇಡಮ್ಮ, ಅವ್ರೇ ಹೇಳ್ಲಿ" ಎಂದೆ ನೀನು. ಮುಚ್ಚಿದ ಬಾಗಿಲನ್ನೇ ನೀನು ನೋಡುತ್ತಾ ನಿಂತೆ. ಮಗು ಅಂಗೈಯಿಂದ ಬಾಗಿಲು ಬಡಿಯಿತು. ಆಮೇಲೆ ಗೇಟನ್ನೂ ಹಾಕದೆ ಹೋದೆ. ಬೀದಿನಾಯಿ ನುಗ್ಗಿ ದೊಡ್ಡಪತ್ರೆ ಗಿಡವನ್ನೆಲ್ಲ ಕೆದರಿಹಾಕಿತ್ತು. ಸಂಜೆ ನಾನು ಅದೇ ನಂಬರನ್ನು ಬೀಗಕ್ಕೆ ವಾಪಸು ಹಾಕಿದೆ.

ಅಪ್ಪಾಜಿ ಏನೂ ಬದಲಿಸಿರಲಿಲ್ಲ ಅನಘಾ. ಅಂದು ನೀನು ಬಂದದ್ದೂ ಅವರಿಗೆ ಗೊತ್ತಿಲ್ಲ. ಸೋಮವಾರ ಊಟ ಬಿಟ್ಟು ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಂದು ದಿನ ಬೀಗ ಕೆಟ್ಟಿರಬೇಕೆಂದು ಹೊಸ ಬ್ಯಾಟರಿ ಹಾಕಿ, ತಾವೇ ಹೊರಗೆ ನಿಂತು ನಿನ್ನ ನಂಬರ್ ಒತ್ತಿ ನೋಡಿದರು. ತೆರೆಯಿತು. ತೆರೆದ ಬಾಗಿಲ ಮುಂದೆ ಬಹಳ ಹೊತ್ತು ನಿಂತಿದ್ದು ಒಳಗೆ ಬಂದರು. ಈಗ ಹೊಸ ಹಠ ಹಿಡಿದಿದ್ದಾರೆ: "ನನ್ನ ಮಗಳು ಬಂದು ಹೋಗೋವರ್ಗೂ ನಾನು ಮದುವೆ ಮಂಟಪಕ್ಕೆ ಕಾಲಿಡಲ್ಲ." ಹುಡುಗಿಯ ಕಡೆಯವರಿಗೆ ನಾನು ಏನು ಹೇಳಲಿ?

ಶಿವ ನಿನ್ನ ಮಗುವಿಗೆ ಆಯಸ್ಸು ಆರೋಗ್ಯ ಕೊಡಲಿ. ನಿನ್ನ ಗಂಡನಿಗೆ ಹೇಳುವಂಥದ್ದು ನನ್ನ ಬಳಿ ಏನೂ ಇಲ್ಲ.

ನಿನ್ನ ಅಮ್ಮ,
ಕಮಲಾಕ್ಷಮ್ಮ

ಇನ್ನೊಂದು ಮಾತು, ಕೊರಿಯರ್ ಹುಡುಗ ಕಾಯುತ್ತಿದ್ದಾನೆ: ಬರುವ ಸೋಮವಾರ ಒಬ್ಬಳೇ ಬಾ, ನಾನೂ ಮನೆಯಲ್ಲೇ ಇರುತ್ತೇನೆ. ನಾನು ಮಾಡಿದ್ದನ್ನು ಅವರಿಗೆ ಹೇಳಬೇಕೆನಿಸಿದರೆ, ಆಪರೇಷನ್ ಆದ ಅವರ ಎದೆಯನ್ನು ನೆನೆಸಿಕೋ; ನೀನು ಹೇಳಿ ಹೊರಟುಹೋಗುತ್ತೀಯ, ಮೂರು ಹೊತ್ತು ಮಾತ್ರೆ ಕೊಡುವವಳು ನಾನು. ಮಗುವಿಗೆ ಹುಷಾರಿರಲಿಲ್ಲ ಎಂದೂ ಹೇಳಬೇಡ. ನಂಬಿಬಿಡುತ್ತಾರೆ, ಮತ್ತೆ ಕಾಯಲು ಕೂರುತ್ತಾರೆ. "ನಂಗೇ ಬರೋಕೆ ಇಷ್ಟ ಇರ್ಲಿಲ್ಲ ಅಪ್ಪಾಜಿ" ಎಂದು ಅವರ ಮುಖ ನೋಡಿಕೊಂಡೇ ಹೇಳು. ನಾನು ಹೇಳಿದರೆ ಅವರು ನಂಬುವುದಿಲ್ಲ.