ಕಣ್ಣರೆಪ್ಪೆಯ ಗಂಟು ಕುಡಿದ ಬಣ್ಣ

ಇಳಿದ ಮೇಲಿನ ನೂರ ಅರವತ್ತನೆಯ ವರ್ಷ,
ಆಷಾಢ ಮಾಸ, ನಲವತ್ತೊಂದನೆಯ ದಿನ

ಹೆಸರು ತಿಳಿಯದ ಅಕ್ಕನಿಗೆ,

ತಾರೀಖು ಕಂಡು ಗಾಬರಿಯಾಗಬೇಡಿ. ತಿಂಗಳಿಗೆ ಇಷ್ಟೇ ದಿನ ಎಂಬ ಲೆಕ್ಕ ನಮ್ಮಲ್ಲಿಲ್ಲ; ಮೇಲಿನಿಂದ ಬೀಸುವ ಗಾಳಿ ತಿರುಗಿದಾಗ ತಿಂಗಳು ತಿರುಗುತ್ತದೆ. ಈ ಸಲ ಆಷಾಢ ಹಟ ಹಿಡಿದು ಕೂತಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಓದಿ ಕಲಿತದ್ದು, ಅದೂ ಅಲ್ಲದೆ ಮಗು ಹುಟ್ಟಿದಂದಿನಿಂದ ನೆಟ್ಟಗೆ ನಿದ್ದೆ ಕಾಣದ ತಲೆಯಿಂದ ಬರೆಯುತ್ತಿದ್ದೇನೆ.

ನೀವು ಯಾರು, ಯಾವ ಊರಿನವರು, ನನಗೆ ಗೊತ್ತಿಲ್ಲ. ನಿಮ್ಮ ಕಾಲದ ಯಾವುದೋ ಆಸ್ಪತ್ರೆಯಲ್ಲಿ ಒಬ್ಬ ತಾಯಿ, ತನ್ನ ಕೂಸಿನ ಮೈಮೇಲೆ ಎದ್ದ ರಕ್ತನಾಳಗಳ ಗಂಟಿನಿಂದ ಒಂದು ಚೂರನ್ನು ಪರೀಕ್ಷೆಗೆ ಇಟ್ಟುಕೊಳ್ಳಿ ಎಂದು ಒಪ್ಪಿರಬೇಕು. ಒಪ್ಪದೆ ಹೋಗಿದ್ದರೆ ಇಂದು ನಾವು ತಿಳಿದಿರುವುದನ್ನು ತಿಳಿಯಲು ದಾರಿಯೇ ಇರಲಿಲ್ಲ. ಹಿಂದಿನ ಕಾಲಕ್ಕೆ ಪತ್ರ ಮುಟ್ಟುವುದೋ ಇಲ್ಲವೋ, ಆ ತಾಯಿ ನೀವೇ ಎಂದುಕೊಂಡು ಬರೆಯುತ್ತೇನೆ.

ನಾವಿರುವುದು ಕೋಲಾರದ ಹಳೆಯ ಚಿನ್ನದ ಗಣಿಗಳಲ್ಲಿ, ಮೇಲಂತಸ್ತಿನ ಸುರಂಗಗಳಲ್ಲಿ. ನೆಲದ ಮೇಲಿನ ಬಿಸಿಲು ತಡೆಯಲಾಗದೆ ಹಿರಿಯರು ಇಲ್ಲಿಗೆ ಇಳಿದರು. ಅಲ್ಲಿಂದ ನಮ್ಮ ವರ್ಷಗಳ ಎಣಿಕೆ. ಇಲ್ಲಿಯೂ ಬೀದಿಗಳಿವೆ, ಬೀದಿಗೊಂದು ಜಗಳವಿದೆ. ಮನೆಮನೆಗೂ ಒಂದು ಮಣ್ಣುತೊಟ್ಟಿಯಿದೆ, ಅದಕ್ಕೆ ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ದಾಟಿಸಿ ತರುವ ಬೆಳಕುಕೊಳವೆಯಿದೆ. ಸೊಪ್ಪು, ಬದನೆ ಅದರಲ್ಲೇ ಬೆಳೆಯುತ್ತೇವೆ. ಹುಟ್ಟಿದ ಕೂಸನ್ನು ಮೊದಲ ತಿಂಗಳು ಕೆಂಪುಕೋಣೆಯಲ್ಲಿ ಇಡುವುದು ನಮ್ಮ ರೂಢಿ. ಬಸಿರಿನ ಕತ್ತಲಿಂದ ಬಂದ ಕಣ್ಣಿಗೆ ಬಿಳಿ ಬೆಳಕು ಒಮ್ಮೆಲೇ ಬಡಿಯಬಾರದೆಂದು ಅಲ್ಲಿ ಕೆಂಪು ದೀಪವೊಂದೇ ಉರಿಯುತ್ತದೆ. ಬಸಿರಲ್ಲಿ ತಾಯಿಗೂ ಕೂಸಿಗೂ ಕೊಂಡಿಯಾಗಿದ್ದು, ಹೆರಿಗೆಯಲ್ಲಿ ಮಗುವಿನ ಬೆನ್ನಿಗೆ ಬರುವ ಮಾಸನ್ನು ಮದ್ಯಸಾರದ ಜಾಡಿಯಲ್ಲಿಟ್ಟು, ಹೆಸರಿಡುವ ದಿನ ತೊಳೆದು ಮಣ್ಣುತೊಟ್ಟಿಗೆ ಸೇರಿಸುತ್ತೇವೆ. ಮಣ್ಣಿಗೆ ಬರಗೆಟ್ಟವರು ನಾವು. ಮನೆಯ ಮಣ್ಣಿಗೆ ಮನೆಯವರ ಋಣ ಸೇರಬೇಕೆಂದು ಹಿರಿಯರ ಆಸೆ.

ಕೆಂಪುಕೋಣೆಯಿಂದ ಹೊರಗೆ ಬಂದ ದಿನ ನನ್ನ ಮಗಳ ಎಡರೆಪ್ಪೆಯ ಮೇಲೆ ಕೆನ್ನೀಲಿ ಉಬ್ಬೊಂದು ಕಂಡಿತು. ಅದು ನಾನು ನೋಡುನೋಡುತ್ತಲೇ ಬೆಳೆದು, ನೇರಳೆ ಹಣ್ಣಿನಂತಾಗಿ, ಕಣ್ಣನ್ನು ಪೂರ್ತಿ ಮುಚ್ಚಿತು. ಒಳಗೆ ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಈ ವಯಸ್ಸಿನಲ್ಲಿ ಮುಚ್ಚಿಕೊಂಡೇ ಉಳಿದರೆ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ ಎಂದರು. ಆಮೇಲೆ ರೆಪ್ಪೆ ತೆರೆದರೂ ಪ್ರಯೋಜನವಿಲ್ಲವಂತೆ.

ನಮ್ಮಲ್ಲಿ ಓದುಗೋಡೆ ಇದೆ. ಎದುರು ನಿಂತರೆ ಮೈಯೊಳಗಿನದನ್ನೆಲ್ಲ ಓದಿ ಹೇಳುವ ಗೋಡೆ. ಅದು ಕೂಡ ಇಷ್ಟೇ ಹೇಳಿತು: ಕೆಟ್ಟ ಗಂಟಲ್ಲ, ರಕ್ತನಾಳಗಳದೇ ಗಂಟು, ಎರಡು ಜಾತಿಯಲ್ಲಿ ಯಾವುದೆಂದು ಹೇಳಲಾರೆ. ಒಂದು ಜಾತಿ ಹುಟ್ಟಿದ ಮೇಲೆ ಚಿಗುರಿ, ರಭಸದಿಂದ ಬೆಳೆದು, ಬಾಯಿಗೆ ಹನಿ ಔಷಧಿ ಕೊಟ್ಟರೆ ಕುಗ್ಗುತ್ತದೆ. ಇನ್ನೊಂದು ಬಸಿರಲ್ಲೇ ಅಡ್ಡಾದಿಡ್ಡಿ ಹೆಣೆದುಕೊಂಡ ನಾಳಗಳದು, ಹನಿಗೆ ಜಗ್ಗುವುದಿಲ್ಲ, ಕತ್ತರಿಸಿ ತೆಗೆಯಬೇಕು. ಕತ್ತರಿಸುವಾಗ ರೆಪ್ಪೆ ಎತ್ತುವ ಸ್ನಾಯು ಹೋದರೂ ಹೋದೀತು. ಹುಟ್ಟಿದಾಗಲೇ ಇತ್ತೇ, ಆಮೇಲೆ ಬಂತೇ ಎಂದು ವೈದ್ಯರು ಕೇಳಿದರು.

"ಹುಟ್ದಾಗ್ಲೇ ಇತ್ತು. ನೆತ್ತಿಗೆ ಎಣ್ಣೆ ಒತ್ತಿದೋಳು ನಾನು, ನಂಗ್ ಗೊತ್ತಿಲ್ವಾ?" ಎಂದರು ಅತ್ತೆ ಮುನಿಲಕ್ಷ್ಮಮ್ಮ. "ಇರ್ಲಿಲ್ಲ ಅತ್ತೆ, ಹಾಲು ಕುಡಿಸ್ತಾ ಮುಖಾನೇ ನೋಡ್ತಾ ಕೂತಿರ್ತಿದ್ದೆ," ಎಂದೆ ನಾನು. ಬಣ್ಣದ ಡಾಕ್ಟರು ಸೆಲ್ವರಾಣಿ ಇಬ್ಬರನ್ನೂ ನೋಡಿ ನಕ್ಕುಬಿಟ್ಟರು. "ಕೆಂಪು ದೀಪದಡಿ ಕೆಂಪು ಕಲೆ ಕಾಣುತ್ತಾ? ಇಬ್ರೂ ಏನೂ ನೋಡಿಲ್ಲ, ಸುಮ್ನಿರಿ."

ಬಣ್ಣದ ಡಾಕ್ಟರೆಂದರೆ ಮಾಂಸದ ಎಳೆಗಳಿಗೆ ಬಣ್ಣ ಹಿಡಿಸಿ, ಹಿಡಿದ ಬಣ್ಣದಿಂದ ಅದರ ಜಾತಿ ಹೇಳುವವರು. ಗೋಡೆ ಬಂದ ಮೇಲೆ ಅವರ ಕೆಲಸ ಕಡಿಮೆಯಾಗಿದೆ, ಜಂಬ ಕಡಿಮೆಯಾಗಿಲ್ಲ. "ಗೋಡೆ ಆಕಾರ ನೋಡುತ್ತೆ. ಗುಣ ಕೇಳಬೇಕಂದ್ರೆ ನನ್ನ ಹತ್ರಾನೇ ಬರಬೇಕು," ಎಂದು ಮಗುವಿನ ಗಂಟಿನಿಂದ ಒಂದು ಎಳೆ ತೆಗೆದರು. ಅದನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಹರಡಿದರು. ಮಾಮೂಲಿ ಗುಲಾಬಿ-ನೇರಳೆ ಬಣ್ಣದಲ್ಲಿ ಬರೀ ನಾಳಗಳ ರಾಶಿ ಕಂಡಿತು. ಜಾತಿ ಹೇಳುವ ಬಣ್ಣ ಬೇರೆ. ಅದು ನಿಮ್ಮ ಕಾಲದವರು ಗ್ಲುಟ್-ಒನ್ ಎಂದು ಕರೆದ ಪದಾರ್ಥವನ್ನು, ಎಂದರೆ ರಕ್ತದಿಂದ ಸಕ್ಕರೆಯನ್ನು ಒಳಕ್ಕೆ ದಾಟಿಸುವ ಬಾಗಿಲನ್ನು, ಹುಡುಕಿಕೊಂಡು ಹೋಗಿ ಕಂದಾಗುತ್ತದೆ. ಚಿಗುರುವ ಜಾತಿಯ ನಾಳಗಳಲ್ಲಿ ಆ ಬಾಗಿಲಿದೆ. ಅಡ್ಡಾದಿಡ್ಡಿ ಜಾತಿಯಲ್ಲಿ ಇಲ್ಲ.

ಗಾಜು ಪೂರಾ ಬಿಳಿಚಿಕೊಂಡಿತ್ತು. ಬಾಗಿಲಿಲ್ಲ, ಕತ್ತಿಯೇ ಗತಿ ಎಂದು ನಾನು ಅಳತೊಡಗಿದೆ. ಸೆಲ್ವರಾಣಿ ಮಾತ್ರ ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ಅಳಬೇಡ. ಆ ಬಾಗಿಲಿರೋ ಕೆಂಪು ರಕ್ತಕಣಕ್ಕೂ ಈ ಬಣ್ಣ ಹಿಡೀಬೇಕು, ಅದಕ್ಕೂ ಹಿಡಿದಿಲ್ಲ. ಸತ್ತಿರೋದು ನನ್ನ ಬಣ್ಣ." ಹೊಸದಾಗಿ ಬಣ್ಣ ಕೂಡಿಸಿದರು. ಆದರೆ ಗಂಟಿನ ಎಳೆ ಇನ್ನೊಂದು ಗಾಜಿಗೆ ಆಗುವಷ್ಟೇ ಉಳಿದಿತ್ತು. ಕಣ್ಣಿನ ಬಳಿ ಮತ್ತೆ ಸೂಜಿ ಹಾಕಲು ಅವರಿಗೇ ಧೈರ್ಯವಿರಲಿಲ್ಲ. ಬಣ್ಣ ಬದುಕಿದೆಯೆಂದು ಮೊದಲು ಬೇರೆಲ್ಲಾದರೂ ನೋಡಬೇಕು, ಆ ಬಾಗಿಲು ಇದ್ದೇ ಇರುವ ಮಾಂಸದಲ್ಲಿ. ತಾಯಿಯ ಸಕ್ಕರೆ ಮಗುವಿಗೆ ದಾಟಿದ್ದೆಲ್ಲ ಆ ಬಾಗಿಲಿನಿಂದಲೇ ಅಲ್ಲವೇ? ಅವರು ಕೇಳಿದ್ದು, ಹೆಸರಿಡುವ ದಿನಕ್ಕೆಂದು ಜಾಡಿಯಲ್ಲಿ ಇನ್ನೂ ಉಳಿದಿದ್ದ ನನ್ನ ಮಾಸನ್ನು.

ಅತ್ತೆ ಜಾಡಿ ತಬ್ಬಿಕೊಂಡರು. "ನಮ್ಮನೆ ಮಣ್ಣಿಗೆ ಸೇರ್ಬೇಕಾದ್ದು. ಗಾಜಿನ್ ಮೇಲೆ ಹಾಕಿ ಆಟ ಆಡ್ತೀಯೇನಮ್ಮಾ?"

"ಸಾಸಿವೆ ಕಾಳಷ್ಟು ಸಾಕು. ಮಿಕ್ಕಿದ್ದು ನಿಮ್ಮ ಬದನೆಗಿಡಕ್ಕೇ ಉಣ್ಣಿಸಿ."

"ನಗ್ತೀಯಾ? ಮೊಮ್ಮಗಳ ಆಯಸ್ಸು ಇದ್ರಾಗೈತೆ."

"ಕಣ್ಣೂ ಅದರಲ್ಲೇ ಇದೆ, ಮುನಿಲಕ್ಷ್ಮಮ್ಮಾ," ಎಂದರು ಸೆಲ್ವರಾಣಿ. ಈ ಸಲ ನಗಲಿಲ್ಲ. ಅತ್ತೆ ಜಾಡಿಯ ಮುಚ್ಚಳ ತಾವೇ ತಿರುವಿದರು.

ಅಕ್ಕಾ, ಆಮೇಲೆ ನಾನು ಕಂಡದ್ದನ್ನು ಹೇಗೆ ಹೇಳಲಿ? ಮಸೂರದ ಕೆಳಗೆ ನನ್ನ ಮಾಸು. ಕಾಡಿನ ಮರಗಳನ್ನು ಮೇಲಿನಿಂದ ನೋಡಿದ ಹಾಗೆ ಕೊಂಬೆ ಕೊಂಬೆ, ಕೊಂಬೆಯ ಅಂಚಿಗೆಲ್ಲ ಬೆಲ್ಲದ ಪಾಕ ಸವರಿದಂಥ ಕಂದು. ಬಣ್ಣ ಬದುಕಿತ್ತು. ಅದನ್ನು ಸರಿಸಿ ಮಗಳ ಗಂಟಿನ ಗಾಜನ್ನು ಇಟ್ಟರು. ಅಲ್ಲಿಯೂ ಅದೇ ಕಂದು, ಪ್ರತಿ ನಾಳದ ಸುತ್ತ ಒಂದೊಂದು ಉಂಗುರ. ನನ್ನಿಂದ ಕಡಿದು ಬೇರೆಯಾದ ಜೀವ, ನನ್ನನ್ನೂ ಅವಳನ್ನೂ ಕೂಡಿಸಿದ್ದ ಅಂಗದ ಗುರುತನ್ನೇ ತನ್ನ ರೆಪ್ಪೆಯ ಮೇಲೆ ಚಿಗುರಿಸಿಕೊಂಡಿತ್ತು. ಏಕೆ ಹಾಗೆ ಎಂಬುದನ್ನು ಸೆಲ್ವರಾಣಿಯೂ ಹೇಳಲಾರರು. ನಿಮ್ಮವರು ಬರೆದಿಟ್ಟ ಊಹೆಗಳಿವೆ, ನಮ್ಮವರ ಊಹೆಗಳಿವೆ, ಇಷ್ಟು ಕಾಲವಾದರೂ ಆ ಒಗಟು ಪೂರ್ತಿ ಬಿಡಿಸಿಕೊಂಡಿಲ್ಲ. ನಾನು ಇಷ್ಟು ದಿನ ಶತ್ರುವೆಂದು ಶಪಿಸಿದ ಗಂಟನ್ನು ಇನ್ನೊಮ್ಮೆ ಬಗ್ಗಿ ನೋಡಿದೆ. ಅತ್ತೆಯೂ ಬಗ್ಗಿ ಎರಡು ಗಾಜನ್ನೂ ನೋಡಿದರು. "ಇದ್ರಾಗೆ ನಿಂದ್ಯಾವ್ದು, ಕೂಸಿಂದ್ಯಾವ್ದು?" ಎಂದು ಪಿಸುಗುಟ್ಟಿದರು.

ಕತ್ತಿ ಬೇಡವೆಂದಾಯಿತು. ಅಂದೇ ಹನಿ ಶುರುಮಾಡಿದೆವು. ಹನಿಯಿಂದ ಎದೆಬಡಿತ ನಿಧಾನವಾಗಬಹುದಂತೆ; ಹಾಲಿಗೆ ಮೊದಲು ಅದನ್ನು ಎಣಿಸುವುದು, ಹಾಲು ಕುಡಿಸಿ ಹನಿ ಹಾಕುವುದು, ಮತ್ತೆ ಮತ್ತೆ ಮುಟ್ಟಿ ನೋಡುವುದು, ಇದೇ ನನ್ನ ಬದುಕಾಗಿದೆ. ಗಂಟಿನ ಕೆನ್ನೀಲಿ ಈಗ ಬೂದಿಗೆ ತಿರುಗಿದೆ. ಇಂದು ಬೆಳಗ್ಗೆ ರೆಪ್ಪೆಯ ಕೆಳಗೆ ಒಂದು ಸೀಳು ಬಿಟ್ಟಿತು. ಎಡಗಣ್ಣು ನೋಡುತ್ತದೆಯೇ ಎಂದು ಅವಳ ಬಲಗಣ್ಣಿಗೆ ನನ್ನ ಅಂಗೈ ಅಡ್ಡ ಹಿಡಿದೆ. ಆ ಸೀಳಿನೊಳಗಿನ ಕರಿಗುಡ್ಡೆ ಅಲುಗಿ ಅಲುಗಿ, ನನ್ನ ಮುಖಕ್ಕೆ ಬಂದು ನಿಂತಿತು.

ಅದಕ್ಕೇ ಈ ಪತ್ರ. ನಿಮ್ಮ ಕೂಸಿನ ಮೈಯ ಚೂರನ್ನು ಇಟ್ಟುಕೊಳ್ಳಲೇ ಎಂದು ಯಾರೋ ಬಂದು ಕೇಳುತ್ತಾರೆ. ನಿಮಗೆ ಅವರ ಮೇಲೆ ಸಿಟ್ಟು ಬರುತ್ತದೆ, ನನಗೆ ಗೊತ್ತು. ಇಲ್ಲಿ ಮಗು ಅಳುತ್ತಿರುವಾಗ ಇವರಿಗೆ ಓದಿನ ಚಿಂತೆಯೇ ಎನಿಸುತ್ತದೆ. ಆದರೂ ಹೂಂ ಎನ್ನಿ. ಆ ಚೂರು ಪಕ್ಕದ ಹಾಸಿಗೆಯ ಬಾಣಂತಿಯ ಮಾಸಿನ ಪಕ್ಕ ಒಂದೇ ಬಣ್ಣದಲ್ಲಿ ಮುಳುಗಿ ಏಳುತ್ತದೆ. ಯಾರೋ ಒಬ್ಬರು ಎರಡಕ್ಕೂ ಅದೇ ಕಂದು ಹಿಡಿದದ್ದು ನೋಡಿ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ.

ಸೆಲ್ವರಾಣಿಯ ಬಳಿಯ ಹಳೆಯ ಬರಹಗಳಲ್ಲಿ ಎಷ್ಟೋ ಗಂಟುಗಳು ಕಂದು ಹಿಡಿದವೆಂದಿದೆ. ನಿಮ್ಮ ಮಗುವಿಗೆ ಆಮೇಲೆ ಏನಾಯಿತೆಂದು ಎಲ್ಲಿಯೂ ಇಲ್ಲ. ನಾನು ಹುಡುಕಿದೆ. ವಾಸಿಯಾಯಿತೇ ಅಕ್ಕಾ?

ಮುನಿವೇಣಿ