ಮುಯ್ಯಾಳಿಗೆ ಬುತ್ತಿ ಕೊಟ್ಟದ್ದು ಕಳವೇ?

ಮಾನ್ಯ ಮುಖ್ಯ ವಿನ್ಯಾಸಕರೇ,

ನಿಮ್ಮ ಕಂಪನಿಯ ವಿಡಿಯೋ ಆಟದೊಳಗೆ ನನ್ನ ಗೆಳತಿ ನೀಲಮಳಿಗಿದ್ದ ಹೊಲಕ್ಕೆ ನೀವು ಬೀಗ ಹಾಕಿದ್ದೀರಿ. ಆಕೆಯ ಅಪರಾಧ, ತನ್ನ ಹೊಲದಲ್ಲಿ ದುಡಿದವರಿಗೆ ಬುತ್ತಿ ಕೊಟ್ಟದ್ದು. ನಿಮ್ಮ ಭಾಷೆಯಲ್ಲಿ ಅದು 'ಕಾರಣವಿಲ್ಲದ ಸರಕು ವರ್ಗಾವಣೆ'. ಬರುವ ಭಾನುವಾರದೊಳಗೆ ತಪ್ಪು ಒಪ್ಪಿಕೊಳ್ಳದಿದ್ದರೆ ಹೊಲ, ಬಾವಿ, ಮನೆ ಎಲ್ಲವನ್ನೂ ಅಳಿಸಿಹಾಕುವುದಾಗಿ ತಿಳಿಸಿದ್ದೀರಿ. ನಿಮ್ಮ ಸಹಾಯ ಕೇಂದ್ರಕ್ಕೆ ಬರೆದು ನೋಡಿದೆ. ಅಲ್ಲಿ ಉತ್ತರಿಸುವುದು ಒಂದು ಯಂತ್ರ, ಬಹಳ ವಿನಯದ ಯಂತ್ರ. ನಾನು ತಾಳ್ಮೆ ಕಳೆದುಕೊಂಡು ಬರೆದಾಗಲೂ ಅದು ನನ್ನ ತಾಳ್ಮೆಗೆ ಧನ್ಯವಾದ ಹೇಳುತ್ತದೆ. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಎಲ್ಲೋ ಒಂದು ಕಡೆ ಒಬ್ಬ ಮನುಷ್ಯನ ಕಣ್ಣಿಗಾದರೂ ಬಿದ್ದೀತು.

'ಆಟ ತಾನೇ, ಬಿಡಿ' ಎಂದು ನನ್ನ ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ಆದರೆ ನೀವು ಹಾಗೆ ಹೇಳುವಂತಿಲ್ಲ. 'ನಿಮ್ಮ ಲೋಕ, ನಿಮ್ಮ ದಾರಿ' ಎಂದು ಜಾಹೀರಾತು ಕೊಟ್ಟವರು ನೀವು. ಲೋಕ ಎಂದಮೇಲೆ ಅದರಲ್ಲಿ ನಡೆಯುವ ಅನ್ಯಾಯಕ್ಕೂ ಯಾರಾದರೂ ಉತ್ತರ ಹೇಳಬೇಕಲ್ಲವೇ?

ನಾನು ರಾಯಬಾಗದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಓದುವಷ್ಟೇ ಹುಚ್ಚಿನಿಂದ ವಿಡಿಯೋ ಗೇಮ್ ಆಡುತ್ತ ಬಂದವನು. ಶುರುವಾದದ್ದು ನಿಪ್ಪಾಣಿಯಲ್ಲಿ, ಬಸವಂತ ಎಂಬವರು ನಡೆಸುತ್ತಿದ್ದ ಅಂಗಡಿಯಲ್ಲಿ. ತಗಡಿನ ಮಾಡು, ತಂಬಾಕಿನ ವಾಸನೆ, ಎರಡು ಟಿವಿ. ಅಲ್ಲಿ ಇಬ್ಬರು ಸಿಪಾಯಿಗಳು ಎಡದಿಂದ ಬಲಕ್ಕೆ ಓಡುವ ಒಂದು ಆಟವಿತ್ತು. ಹಿಂದೆ ತಿರುಗಿ ಹೋಗುವಂತಿರಲಿಲ್ಲ, ಆಚೀಚೆ ನೋಡುವಂತಿರಲಿಲ್ಲ. ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಒಂದು ಓಣಿ ಅಷ್ಟೆ. ಆದರೆ ಆ ಓಣಿಯಲ್ಲಿ ಒಂದು ದೊಡ್ಡ ಗುಣವಿತ್ತು. ಒಬ್ಬನ ಪ್ರಾಣಗಳು ಮುಗಿದರೆ ಜೊತೆಯವನ ಪ್ರಾಣಗಳಲ್ಲಿ ಒಂದನ್ನು ಅವನು ಎತ್ತಿಕೊಳ್ಳಬಹುದಿತ್ತು. 'ಏಯ್, ನನ್ನ ಜೀವಾ ತಿಂದ್ಯಲ್ಲೋ!' ಎಂದು ಬೈಯುತ್ತಲೇ ಕೊಡುತ್ತಿದ್ದೆವು. ಅದನ್ನು ಬರೆದ ವಿನ್ಯಾಸಕನಿಗೆ, ಅವನು ಯಾವ ದೇಶದವನೋ, ಒಂದು ಸಂಗತಿ ಗೊತ್ತಿತ್ತು. ಆಡುವವರು ಇಬ್ಬರಿದ್ದರೆ ಒಬ್ಬ ಇನ್ನೊಬ್ಬನಿಗೆ ಏನನ್ನಾದರೂ ಕೊಡಲು ಬಯಸುತ್ತಾನೆ ಎಂಬುದು.

ಈಗ ನಿಮ್ಮ ಲೋಕಕ್ಕೆ ಬರುತ್ತೇನೆ. ಅದು ವಿಶಾಲವಾಗಿದೆ, ಒಪ್ಪುತ್ತೇನೆ. ಬೆಟ್ಟಗಳಿವೆ, ನದಿಯಿದೆ, ಹುಲ್ಲಿನ ಮೇಲೆ ಗಾಳಿ ಹಾಯುವುದು ಕಾಣುತ್ತದೆ. ಆದರೆ ಬೆಟ್ಟ ಹತ್ತಲು ಹೋದರೆ ಅರ್ಧದಲ್ಲಿ ಕಾಣದ ಗೋಡೆ ಹಣೆಗೆ ಬಡಿಯುತ್ತದೆ. ಮಾತಿನ ನಡುವೆ ನಾಲ್ಕು ಉತ್ತರಗಳನ್ನು ಮುಂದಿಟ್ಟು ಆರಿಸಿಕೊಳ್ಳಿ ಎನ್ನುತ್ತೀರಿ. ಯಾವುದನ್ನು ಆರಿಸಿದರೂ ಎದುರಿನ ಮುದುಕ ಅದೇ ಮಾತನ್ನೇ ಹೇಳುತ್ತಾನೆ. ದಿನಾ ಬಂದು ಹಾಜರಿ ಹಾಕಿದರೆ ಬಹುಮಾನ, ತಪ್ಪಿದರೆ ಬೆಳೆ ಕೊಳೆಯುತ್ತದೆ. ನಾನು ಕೆಲಸ ಮಾಡುವ ಕಾಲೇಜಿನಲ್ಲೂ ಹಾಜರಿಯ ಬಗ್ಗೆ ಇಷ್ಟು ಬಿಗಿ ಇಲ್ಲ. ಇನ್ನು ಆ ಹಳದಿ ಬಾಣ! ಎಲ್ಲಿ ನಿಂತರೂ ತಲೆಯ ಮೇಲೆ ತೂಗಾಡುತ್ತ, ಮುಂದೆ ಎಲ್ಲಿಗೆ ಹೋಗಬೇಕೆಂದು ತೋರಿಸುತ್ತಲೇ ಇರುತ್ತದೆ. ಅದನ್ನು ಆಫ್ ಮಾಡುವ ಸೌಲಭ್ಯವನ್ನು ನೀವು ಕೊಟ್ಟಿಲ್ಲ. ದಾರಿ ನಮ್ಮದಾದರೆ ಬಾಣ ಯಾರದು ಸ್ವಾಮಿ?

ಈ ಬಾಣವನ್ನು ಕಂಡರೆ ಉರಿದು ಬೀಳುತ್ತಿದ್ದವಳು ನೀಲಮ. ಆಕೆ ದಿಗ್ಗೇವಾಡಿಯವಳು, ಚಿಕ್ಕೋಡಿ–ರಾಯಬಾಗ ಬಸ್ಸಿನಲ್ಲಿ ಕಂಡಕ್ಟರ್. ಅದೇ ಬಸ್ಸಿನಲ್ಲಿ ಓಡಾಡುವ ನನಗೆ ಪರಿಚಯವಾದದ್ದು ಟಿಕೆಟ್ ಕೊಡುವಾಗ ಆಕೆ ನನ್ನ ಮೊಬೈಲಿನಲ್ಲಿ ನಿಮ್ಮ ಆಟವನ್ನು ಕಂಡಾಗ. 'ಎಲ್ಲಿಗೆ ಹೋಗ್ತೀರಿ ಅಂತ ಇಡೀ ದಿನ ನಾ ಮಂದೀನ್ನ ಕೇಳತೇನ್ರಿ ಸರ. ನನ್ನ ಯಾರೂ ಕೇಳಂಗಿಲ್ಲ. ಅದಕ್ಕ ಆಡತೇನಿ' ಎಂದಿದ್ದಳು. ಬಾಣ ಉತ್ತರಕ್ಕೆ ತೋರಿಸಿದರೆ ದಕ್ಷಿಣಕ್ಕೆ ನಡೆದು, ನೀವು ಯಾರಿಗಾಗಿಯೂ ಇಡದ ಒಂದು ಹೊಳೆದಂಡೆಯನ್ನು ಹುಡುಕಿ, ಅಲ್ಲಿ ಹೊಲ ಮಾಡಿದಳು. ಕಲ್ಲು ಹೆಕ್ಕಿದಳು, ಬಾವಿ ತೋಡಿದಳು, ಬದುವಿಗೆ ಬೇವು ಹಚ್ಚಿದಳು.

ಆಕೆಯ ತಾಯಿ ಸೀತವ್ವ ಮಗ್ಗುಲಲ್ಲಿ ಕುಳಿತು ನೋಡುತ್ತಿದ್ದರು. ಕಣ್ಣಿಗೆ ಪೊರೆ ಬಂದು ಹೊಲದ ಹಸಿರು, ಬಾಣದ ಮಿನುಗು ಮಾತ್ರ ಮಸುಕಾಗಿ ಕಾಣುತ್ತಿದ್ದವು. ಆದರೂ ಹುಕುಂ ನಡೆಸುವುದು ಬಿಟ್ಟಿರಲಿಲ್ಲ. 'ಆ ಮಿಣಮಿಣ ಅನ್ನೂದು ಏನಬೇ ಅದು?' ಎಂದರೆ ನೀಲಮ, 'ಬಾಣ ಐತಿ ಯವ್ವಾ, ಅತ್ತಾಗ ಹೋಗು ಅಂತೈತಿ' ಎನ್ನುತ್ತಿದ್ದಳು. 'ನಮ್ಮ ಹೊಲದಾಗ ನಿಂತು ನಮಗ ಹೇಳಾಕ ಅಂವ ಯಾವ?' ಎಂದು ಸೀತವ್ವ ಗದರುತ್ತಿದ್ದರು. ನಮ್ಮ ಹೊಲ! ಸೀತವ್ವ ಇಡೀ ಆಯುಷ್ಯ ಮಂದಿಯ ಹೊಲದಲ್ಲಿ ಕೂಲಿ ಮಾಡಿದವರು. ಅವರ ಮನೆತನದಲ್ಲಿ ಯಾರ ಹೆಸರಿನಲ್ಲೂ ಒಂದು ಗೇಣು ಭೂಮಿ ಇರಲಿಲ್ಲ. ಆ ಎರಡು ಶಬ್ದಗಳನ್ನು ಅವರು ಮೊದಲು ಆಡಿದ್ದು ನಿಮ್ಮ ಆಟದ ಮುಂದೆ ಕುಳಿತು. ನಿಮ್ಮ ಜಾಹೀರಾತಿನವರಿಗೆ ಇದು ಗೊತ್ತಾಗಿದ್ದರೆ ಎಷ್ಟು ಸಂಭ್ರಮಪಡುತ್ತಿದ್ದರೋ!

ಕಳೆದ ತಿಂಗಳು ಸೀತವ್ವನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ತಾಯಿ ಮಗಳು ಮಿರಜಿಗೆ ಹೋದರು. ಆಟದಲ್ಲಿ ನೀಲಮಳ ಗೋಧಿ ಕೊಯ್ಲಿಗೆ ಬಂದಿತ್ತು, ಆಸ್ಪತ್ರೆಯ ಓಡಾಟದಲ್ಲಿ ಆಕೆಗೆ ಮೊಬೈಲ್ ತೆರೆಯಲೂ ಬಿಡುವಿರಲಿಲ್ಲ. ಹಾಜರಿ ಹಾಕದಿದ್ದರೆ ಕೊಳೆಯುತ್ತದೆ, ಅದು ನಿಮ್ಮ ಕಾನೂನು. ಆಗ ನಾನೂ, ನಮ್ಮೊಂದಿಗೆ ಆಡುವ ಭೋಜ ಗ್ರಾಮದ ಅಮೋಲನೂ ನಮ್ಮ ಭಾಗದವರು ಮಾಡುವುದನ್ನೇ ಮಾಡಿದೆವು. ಮುಯ್ಯಿಗೆ ಹೋದೆವು. ನಿಮಗೆ ಈ ಪದ್ಧತಿ ತಿಳಿದಿರಲಾರದು. ಇವತ್ತು ನಾನು ನಿನ್ನ ಹೊಲಕ್ಕೆ ಬಂದು ದುಡಿಯುತ್ತೇನೆ, ನನ್ನ ಹೊಲಕ್ಕೆ ಆಳು ಬೇಕಾದಾಗ ನೀನು ಬರುತ್ತೀ. ಕೂಲಿಯಿಲ್ಲ, ಬರವಣಿಗೆಯಿಲ್ಲ. ಹಾಗೆ ಬಂದವರು ಮುಯ್ಯಾಳುಗಳು. ಅವರಿಗೆ ಹೊಲದವರು ಹೊಟ್ಟೆ ತುಂಬ ಊಟ ಹಾಕಬೇಕು, ಅಷ್ಟೆ.

ಅಮೋಲ ಕಬ್ಬು, ದ್ರಾಕ್ಷಿ ಎರಡೂ ಇರುವ ದೊಡ್ಡ ಹಿಡುವಳಿಯ ಮನೆಯವನು. ಸ್ವಂತ ಹೊಲದಲ್ಲಿ ಮೋಟರ್ ಚಾಲೂ ಮಾಡುವುದಕ್ಕಿಂತ ಹೆಚ್ಚಿನ ಕೆಲಸ ಮಾಡಿದವನಲ್ಲ. ಅವನು ಇಲ್ಲಿ ಕುಡಗೋಲು ಹಿಡಿದ. 'ಸರ, ನಮ್ಮ ಅಪ್ಪಾ ನೋಡಿದ್ರ ಚಕ್ಕರ್ ಬಂದು ಬೀಳತಾರ' ಎಂದು ನಗುತ್ತಲೇ ಕೊಯ್ದ. ತೆನೆಯನ್ನೆಲ್ಲ ನೀಲಮಳ ಕಣಜಕ್ಕೆ ಹಾಕಿ ನಾವು ಬರಿಗೈಯಲ್ಲಿ ವಾಪಸಾದೆವು.

ನಂತರ ಆಸ್ಪತ್ರೆಗೆ ಫೋನ್ ಮಾಡಿ ಸುದ್ದಿ ಹೇಳಿದೆವು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಸೀತವ್ವ ಫೋನ್ ಕಸಿದುಕೊಂಡರು.

'ಯಾರ ಬಂದಿದ್ರಿ?'

'ನಾನು, ಭೋಜದ ಅಮೋಲ' ಎಂದೆ.

'ಅಯ್ಯ ಶಿವನೇ! ಹೊಲಾ ಮನೀ ಇದ್ದವ್ರು ನಮ್ಮ ಹೊಲಕ್ಕ ಮುಯ್ಯಿಗೆ ಬಂದಾರ!' ಎಂದು ಪಕ್ಕದ ಹಾಸಿಗೆಯವರಿಗೂ ಕೇಳುವಂತೆ ಕೂಗಿದರು. ಆಮೇಲೆ ದನಿ ಬದಲಾಯಿತು. 'ನೀಲವ್ವಾ, ಇವ್ರಿಗೆ ಊಟಾ ಏನ ಕೊಟ್ಟಿ?'

'ಯವ್ವಾ, ಆಟದಾಗ ಊಟ ಇರೂದಿಲ್ಲಬೇ.'

'ಊಟಾ ಕೊಡಲಾರದ ಅದೆಂಥಾ ಮುಯ್ಯಿ? ಮಂದಿ ನಮಗ ಏನ ಅಂದಾರು?'

ಯೋಚಿಸಿ ನೋಡಿ. ಕೂಲಿಗೆ ಹೋಗಲು ಹೊಲ ಬೇಕಿಲ್ಲ. ಮುಯ್ಯಾಳು ಮನೆಗೆ ಬರಬೇಕಾದರೆ ಹೊಲ ಬೇಕು. ಅಷ್ಟು ವಯಸ್ಸಾದ ಮೇಲೆ ಆ ತಾಯಿಗೆ ಮೊದಲ ಸಲ ಮುಯ್ಯಾಳು ಬಂದಿದ್ದರು. ನೀಲಮ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು, ಮೊಬೈಲಿನಿಂದಲೇ ಆಟದೊಳಗೆ ಹೋಗಿ, ತನ್ನ ಕಣಜದ ಗೋಧಿಯಲ್ಲಿ ರೊಟ್ಟಿ ಮಾಡಿ, ಬುಟ್ಟಿಯಲ್ಲಿಟ್ಟು ನಮ್ಮಿಬ್ಬರ ಬಾಗಿಲಿಗೆ ತಲುಪಿಸಿದಳು. ರೊಟ್ಟಿ ಮಾಡುವ ಒಲೆಯನ್ನು ಕೊಟ್ಟವರು ನೀವೇ. ಬುಟ್ಟಿ ಕೊಟ್ಟವರೂ ನೀವೇ.

ಆ ಬುಟ್ಟಿಗಳು ಬಂದ ಮರುದಿನವೇ ನಿಮ್ಮ ಬೀಗ ಬಿತ್ತು. ಬಂದು ದುಡಿದವರು ಏನನ್ನೂ ಒಯ್ಯಲಿಲ್ಲ, ಒಡತಿ ಏನನ್ನೂ ಪಡೆಯದೆ ಕೊಟ್ಟಳು. ಆದ್ದರಿಂದ ನಿಮ್ಮ ಪ್ರಕಾರ ಇವರು ಒಬ್ಬನೇ ಮನುಷ್ಯನ ಮೂರು ಕಳ್ಳ ಖಾತೆಗಳಾಗಿರಬೇಕು! ಎಂಥ ತರ್ಕ! ಇಬ್ಬರು ಬೇರೆ ಬೇರೆ ಮನುಷ್ಯರು ಲಾಭವಿಲ್ಲದೆ ಒಬ್ಬರಿಗೊಬ್ಬರು ನೆರವಾಗುವುದು ನಿಮ್ಮ ಲೋಕದಲ್ಲಿ ಅಸಾಧ್ಯ ಎಂದಾಯಿತು. ಹಾರುವ ಕುದುರೆಗಳಿಗೆ ಅಲ್ಲಿ ಜಾಗವಿದೆ, ಮುಯ್ಯಾಳಿಗೆ ಇಲ್ಲ. ಕೊಲ್ಲುವುದಕ್ಕೆ ಬಗೆಬಗೆಯ ಆಯುಧ ಕೊಟ್ಟಿದ್ದೀರಿ. ದಾರಿಹೋಕನನ್ನು ದೋಚಿದರೂ ಬಹುಮಾನವುಂಟು. ಸುಮ್ಮನೆ ಕೊಟ್ಟವರನ್ನು ಮಾತ್ರ ಕಳ್ಳರೆಂದು ಹಿಡಿಯುತ್ತೀರಿ. ಆಟವೊಂದು ಮನುಷ್ಯರ ಬಗ್ಗೆ ಏನು ನಂಬುತ್ತದೆ ಎಂಬುದು ಅದು ಯಾವುದಕ್ಕೆ ಬಾಗಿಲು ಇಡಲು ಮರೆತಿದೆ ಎಂಬುದರಲ್ಲಿ ತಿಳಿಯುತ್ತದೆ. ನನ್ನ ಕಳವಳ ಇರುವುದು ಅಲ್ಲಿ. ಇಂದು ಹುಡುಗರು ಬಯಲಿಗಿಂತ ಹೆಚ್ಚು ಹೊತ್ತು ನಿಮ್ಮ ಲೋಕಗಳಲ್ಲಿ ಕಳೆಯುತ್ತಾರೆ. ಕೊಡುವುದೆಂದರೆ ಮೋಸ ಎಂದು ಅಲ್ಲಿ ಕಲಿತು ಬಂದರೆ ಇಲ್ಲಿ ಹೇಗೆ ಬಾಳುತ್ತಾರೆ?

ಸೀತವ್ವ ಊರಿಗೆ ಬಂದರು. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿಕೊಂಡು, ಮಗಳ ಕಂಪ್ಯೂಟರಿನ ಮುಂದೆ ಕುಳಿತು 'ಹಚ್ಚಬೇ, ನಮ್ಮ ಹೊಲಾ ನೋಡೂನು' ಎಂದರು. ಈಗ ಅವರಿಗೆ ಎಲ್ಲವೂ ಸ್ಪಷ್ಟ ಕಾಣುತ್ತದೆ. ಸ್ಪಷ್ಟವಾಗಿ ಕಂಡದ್ದು ನಿಮ್ಮ ಬೀಗದ ಚಿತ್ರ, ಅದರ ಕೆಳಗೆ ಎರಡು ಗುಂಡಿಗಳು. ಒಂದು, 'ನನ್ನ ಸಹಾಯಕರು ನಕಲಿ ಖಾತೆಗಳೆಂದು ಒಪ್ಪುತ್ತೇನೆ.' ಇನ್ನೊಂದು, 'ನಂತರ ನೆನಪಿಸಿ.' ಮೊದಲನೆಯದನ್ನು ಒತ್ತಿದರೆ ಹೊಲ ವಾಪಸು, ನಾವಿಬ್ಬರು ಶಾಶ್ವತವಾಗಿ ಹೊರಗೆ. ಆಯ್ಕೆಯ ಸ್ವಾತಂತ್ರ್ಯವೆಂದರೆ ಇದೇ ಇರಬೇಕು.

'ಒತ್ತಿಬಿಡ್ರಿ ಅಕ್ಕಾ, ನನ್ನ ಖಾತೆ ಹೋದ್ರ ಹೋಗ್ಲಿ' ಎಂದು ಅಮೋಲ ವಿಡಿಯೋ ಕರೆಯಲ್ಲಿ ಹೇಳಿದ. ನಾನೂ ಅದನ್ನೇ ಹೇಳಿದೆ. ನೀಲಮ ತಾಯಿಯ ಮುಖ ನೋಡಿದಳು.

'ದುಡ್ಯಾಕ ಬಂದವ್ರ ಮ್ಯಾಲ ಕಳವು ಹೊರಸೂದ?' ಎಂದರು ಸೀತವ್ವ. 'ಬ್ಯಾಡ ತಗೀ. ನಾ ಹೊಲಾ ನೋಡದಿದ್ರೂ ನಡೀತೈತಿ.'

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ನೀಲಮಳ ಹೊಲವನ್ನು ಬಾವಿ, ಬೇವು, ಕಣಜ ಸಮೇತ ಇದ್ದ ಹಾಗೆಯೇ ಬಿಟ್ಟುಕೊಡಿ. ಆ ಎರಡು ಗುಂಡಿಗಳ ಪಕ್ಕದಲ್ಲಿ 'ನಾವು ಕದ್ದಿಲ್ಲ' ಎಂಬ ಮೂರನೆಯದನ್ನು ಇಡಿ, ಅದನ್ನು ಒತ್ತಿದವರ ಮಾತನ್ನು ಒಬ್ಬ ಮನುಷ್ಯ ಕೇಳಲಿ. ಬಾಣದ ವಿಷಯ ಆಮೇಲೆ ನೋಡೋಣ, ಅದರೊಂದಿಗೆ ಜಗಳವಾಡುವುದು ಸೀತವ್ವನಿಗೂ ರೂಢಿಯಾಗಿದೆ.

ಈ ಭಾನುವಾರ, ನಿಮ್ಮ ಗಡುವಿನ ದಿನವೇ, ನಾವು ದಿಗ್ಗೇವಾಡಿಗೆ ಹೋಗುತ್ತಿದ್ದೇವೆ. ಮುಯ್ಯಾಳಿಗೆ ಊಟ ಹಾಕುವುದು ಬಾಕಿಯಿದೆ ಎಂದು ಸೀತವ್ವ ಕರೆದಿದ್ದಾರೆ. ಅಮೋಲನೂ ಬರುತ್ತಾನೆ. ಅವನ ಮನೆತನದವರು ಸೀತವ್ವನಂಥವರ ಓಣಿಯಲ್ಲಿ ಕುಳಿತು ಉಂಡದ್ದನ್ನು ನಮ್ಮ ಕಡೆ ಯಾರೂ ನೋಡಿಲ್ಲ. ನಿಮ್ಮ ಆಟ ತನಗೆ ಅರಿವಿಲ್ಲದೆ ಮಾಡಿದ ಕೆಲಸವಿದು, ದಯವಿಟ್ಟು ಇದಕ್ಕೂ ಬೀಗ ಹಾಕಬೇಡಿ. ಕಂಪ್ಯೂಟರ್ ಹಚ್ಚಿಟ್ಟು, ಅದರ ಮುಂದೆ ಕುಳಿತು ಉಣ್ಣುತ್ತೇವೆ. ಯಾರೂ ಗುಂಡಿ ಒತ್ತುವುದಿಲ್ಲ. ನಮ್ಮ ಊಟ ಮುಗಿಯುವುದರೊಳಗೆ ನೀವು ಬೀಗ ತೆಗೆದರೆ, ಸೀತವ್ವ ತಮ್ಮ ಹೊಲವನ್ನು ಒಮ್ಮೆ ಕಣ್ಣು ತುಂಬ ನೋಡುತ್ತಾರೆ.

ಇಂತಿ,
ನಿಮ್ಮ ದಾಖಲೆಯಲ್ಲಿ ನಕಲಿ, ರಾಯಬಾಗದಲ್ಲಿ ಇನ್ನೂ ಅಸಲಿಯಾಗಿ ಉಳಿದಿರುವ
ಈಶ್ವರ, ಗ್ರಂಥಪಾಲಕ