ಬೆಳಗಿನ ರೇಡಿಯೋದ ಪ್ರಶಸ್ತಿಪತ್ರ

ಪರೀಕ್ಷಾ ರಿಯಾಯಿತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಈ ಪತ್ರದ ಮೊದಲ ಮೂರು ಕರಡುಗಳಲ್ಲಿ ಒಂದು ಮಾತನ್ನು ಬಿಟ್ಟೇಬಿಟ್ಟಿದ್ದೆ. ನನ್ನ ಮಗಳಿಗೆ ಪ್ರಶ್ನೆಪತ್ರಿಕೆ ಓದಿ ಹೇಳುವವರನ್ನು ಕೊಡಲು ತಾವು ನಿರಾಕರಿಸಿದಿರಿ. ಅದಕ್ಕೆ ಆಧಾರವಾದ ಪ್ರಶಸ್ತಿಪತ್ರವನ್ನು ಕಡತಕ್ಕೆ ಸೇರಿಸಿದವಳು ನಾನೇ. ನಾನು ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು. ಯಾವ ಅರ್ಜಿಯ ಜೊತೆಗೂ ಒಂದು ಒಳ್ಳೆಯ ಕಾಗದವಿದ್ದರೆ ಶೋಭೆ ಎಂದು ನಂಬಿಕೊಂಡಿದ್ದೆ.

ರುದೈನಾಗೆ ಹನ್ನೊಂದು ವರ್ಷ. ಅಕ್ಷರಗಳು ಅವಳ ಕಣ್ಣಿಗೆ ನಿಲ್ಲುವುದಿಲ್ಲ. ಕಿವಿಗೆ ಬಿದ್ದದ್ದು ಮಾತ್ರ ಕದಲುವುದಿಲ್ಲ. ಅಲೆಕ್ಸಾಂಡ್ರಿಯಾದ ನಮ್ಮ ಶಾಲೆಗಳಲ್ಲಿ ಬೆಳಗ್ಗೆ ಅಂಗಳದಲ್ಲಿ ಸಾಲುಗಟ್ಟಿದ ತರಗತಿಗಳ ಮುಂದೆ ಮಕ್ಕಳು ಮೈಕು ಹಿಡಿದು ಸುದ್ದಿ, ಸೂಕ್ತಿ ಓದುವ 'ಶಾಲಾ ರೇಡಿಯೋ' ತಮಗೆ ಗೊತ್ತೇ ಇದೆ. ಅವಳ ಸರದಿ ಬಂದಾಗಲೆಲ್ಲ ಟ್ರಾಮಿನಲ್ಲಿ ನಾನು ಹಾಳೆಯನ್ನು ಎರಡು ಸಲ ಓದಿ ಹೇಳುತ್ತಿದ್ದೆ. ಅವಳು ಅಂಗಳದಲ್ಲಿ ನಿಂತು, ಹಾಳೆಯ ಮೇಲೆ ಕಣ್ಣಾಡಿಸುವಂತೆ ನಟಿಸಿ, ಒಂದು ಪದವೂ ತಪ್ಪದೆ ಒಪ್ಪಿಸುತ್ತಿದ್ದಳು. 'ನಿರರ್ಗಳ ಓದಿಗಾಗಿ' ಎಂದು ಮುಖ್ಯೋಪಾಧ್ಯಾಯಿನಿ ಪ್ರಶಸ್ತಿಪತ್ರ ಕೊಟ್ಟರು. ನಾನು ಅದಕ್ಕೆ ಚೌಕಟ್ಟು ಹಾಕಿಸಿದೆ. ಅಂಥ ದಿನಗಳಲ್ಲಿ ಟ್ರಾಮಿನಿಂದ ಇಳಿದೊಡನೆ ಅವಳು ವಾಂತಿ ಮಾಡಿಕೊಳ್ಳುತ್ತಿದ್ದಳು. ತಪ್ಪನ್ನು ಟ್ರಾಮಿನ ಕುಲುಕಾಟದ ಮೇಲೆ ಹಾಕಿದೆ.

ಅವಳು ಎಡಗಣ್ಣಿನ ರೆಪ್ಪೆಗೂದಲನ್ನೆಲ್ಲ ಕಿತ್ತುಕೊಂಡ ಮೇಲಷ್ಟೇ ವೈದ್ಯರ ಬಳಿ ಹೋದೆವು. ಓದಿನ ತೊಡಕು ಹುಟ್ಟಿನಿಂದ ಬಂದದ್ದು, ಆತಂಕ ಮತ್ತು ಖಿನ್ನತೆ ಅದನ್ನು ಮುಚ್ಚಿಟ್ಟು ಮುಚ್ಚಿಟ್ಟು ಬಂದದ್ದು ಎಂದು ಅವರು ಎರಡು ಪುಟ ಬರೆದುಕೊಟ್ಟರು. ಆ ಎರಡೂ ಪುಟ ಕಡತದಲ್ಲಿವೆ. ಸಮಿತಿಯ ಕಣ್ಣಿಗೆ ಬಿದ್ದದ್ದು ಚಿನ್ನದ ಅಂಚಿನ ಮೂರನೆಯದು.

"ಏನ್ ಮೇಡಂ, ಮೈಕ್ ಮುಂದೆ ಕೋಗಿಲೆ, ಪ್ರಶ್ನೆಪತ್ರಿಕೆ ಮುಂದೆ ಮೂಕಿನಾ?" ಎಂದರು ತಮ್ಮ ಗುಮಾಸ್ತರು, ಕಾರಣ ಕೇಳಲು ನಾವು ಕಚೇರಿಗೆ ಬಂದಾಗ. "ಚೆನ್ನಾಗಿ ನಾಟಕ ಆಡ್ತಾಳೆ ಬಿಡಿ ನಿಮ್ಮ ಹುಡುಗಿ."

"ಅದು ಓದಿದ್ದಲ್ಲ ಸಾರ್, ಕೇಳಿ ಕಲಿತಿದ್ದು."

"ಹಾಗಾದ್ರೆ ಮುಖ್ಯೋಪಾಧ್ಯಾಯಿನಿ ಸುಳ್ಳು ಬರೆದ್ರಾ? ಹಾಗಂತ ಬರೆದುಕೊಡಿ, ನೋಡೋಣ."

ರುದೈನಾ ನನ್ನ ಪಕ್ಕದಲ್ಲೇ ಇದ್ದಳು. ಮೆಟ್ಟಿಲಿಳಿಯುವಾಗ ಹೇಳಿದಳು: "ನಾನ್ ಹೇಳಿರ್ಲಿಲ್ವಾ ಅಮ್ಮ, ಒಂದಿನ ಸಿಕ್ಕಿಬೀಳ್ತೀನಿ ಅಂತ."

ತಮ್ಮ ತರ್ಕಕ್ಕೆ ತಲೆಬಾಗುತ್ತೇನೆ. ಬಚ್ಚಿಡುವುದರಲ್ಲಿ ಗೆದ್ದ ಮಗುವಿಗೆ ತೊಂದರೆಯೇ ಇಲ್ಲ. ಸೋತ ಮಗು ದಡ್ಡ. ಹಾಗಿದ್ದರೆ ಈ ಸಮಿತಿ ಯಾವ ಮಗುವಿಗಾಗಿ ಸಭೆ ಸೇರುತ್ತದೆ? ಆದರೆ ಅವಳಿಗೆ ನಾಟಕ ಕಲಿಸಿದ್ದು ತಾವಲ್ಲ, ನಾನು. ಟ್ರಾಮಿನಲ್ಲಿ ನನಗೆ ಬೇಕಾಗಿದ್ದುದು ಅವಳ ನೆಮ್ಮದಿಯೋ, ಉಳಿದ ತಾಯಂದಿರ ಮೆಚ್ಚುಗೆಯೋ? ಆ ಪ್ರಶ್ನೆಯನ್ನು ನನಗೇ ಇಟ್ಟುಕೊಳ್ಳುತ್ತೇನೆ. ತಮ್ಮ ಪಾಲಿನದನ್ನು ತಾವು ತೆಗೆದುಕೊಳ್ಳಿ.

ಬೇಡಿಕೆ ಇಷ್ಟೇ: ಆ ಎರಡು ಪುಟ ಓದಿ. ಮೇ ತಿಂಗಳ ಪರೀಕ್ಷೆಗೆ ಅವಳ ಪಕ್ಕದಲ್ಲಿ ಓದಿ ಹೇಳುವವರೊಬ್ಬರನ್ನು ಕೂರಿಸಿ. ಮತ್ತೆ, ಅವಳನ್ನು ಕರೆಸಿ, ಅವಳು ಸುಳ್ಳುಗಾತಿಯಲ್ಲ ಎಂದು ಎದುರಿಗೇ ಹೇಳಿ. ನಾನು ಹೇಳಿ ನೋಡಿದೆ. "ನೀನು ನನ್ನಮ್ಮ, ಹಾಗೇ ಹೇಳ್ತೀಯ. ಸೀಲ್ ಇರೋರು ಹೇಳ್ಲಿ" ಎನ್ನುತ್ತಾಳೆ.

ಈ ಪತ್ರವನ್ನು ಅವಳಿಗೆ ಎರಡು ಸಲ ಓದಿ ಹೇಳಿದೆ. ಈಗ ಪೂರ್ತಿ ಒಪ್ಪಿಸುತ್ತಾಳೆ. ದಯವಿಟ್ಟು ಇದನ್ನೂ ಅವಳ ವಿರುದ್ಧದ ಸಾಕ್ಷ್ಯವೆಂದು ದಾಖಲಿಸಬೇಡಿ.

ಇಂತಿ,
ಖಾಲಿ ಚೌಕಟ್ಟನ್ನು ಗೋಡೆಯಿಂದ ಇನ್ನೂ ಇಳಿಸದ,
ನಿಹಾಲ್, ರುದೈನಾಳ ತಾಯಿ

ಅಂಚೆಗೆ ಹಾಕುವುದು, ರೇಡಿಯೋದಲ್ಲಿ ಅವಳ ಮುಂದಿನ ಸರದಿಯ ಬೆಳಿಗ್ಗೆ. ಮೈಕಿನ ಮುಂದೆ ನಿಲ್ಲುವ ಬದಲು ಅವಳು ಅಂಚೆ ಕಚೇರಿಗೆ ನನ್ನ ಜೊತೆ ಬರುತ್ತಾಳೆ: ವಾರದ ಮೊದಲ ಶಾಲಾದಿನ, ಭಾನುವಾರ, ಏಪ್ರಿಲ್ 27.